ನಿಂಗಕ್ಕ ಹತ್ತುವ ಬಸ್ಸಿನ ಅಕ್ಷರ

ಬೆಳಗಿನ ಐದೂವರೆ. ಚಳ್ಳಕೆರೆಯ ಬಸ್ ಶೆಡ್ಡೊಂದರಲ್ಲಿ ಐವತ್ತೇಳರ ಯತ್ತಪ್ಪ ತಗಡಿನ ಬೋರ್ಡನ್ನು ಮಂಡಿಗೆ ಒರಗಿಸಿಕೊಂಡು ಕುಳಿತಿದ್ದಾರೆ. ಬಿಸಿಲೇರಿ ತಗಡು ಕಾದರೆ ಬಣ್ಣ ಬ್ರಷ್ಷಿನಲ್ಲೇ ಅಂಟಾಗುತ್ತದೆ. ಒಂಬತ್ತರೊಳಗೆ ಎರಡು ಬೋರ್ಡು, ಅಷ್ಟೇ. ಇವತ್ತು ಬರೆಯುತ್ತಿರುವುದು ‘ಮೊಳಕಾಲ್ಮುರು’. ಮೊದಲ ಅಕ್ಷರದ ಬಾಲ ಆ ಊರಿನ ರೇಷ್ಮೆ ಸೀರೆಯ ಸೆರಗಿನಂತೆ ಹಾರುತ್ತದೆ. “ನಾಳೆ ಮಂಗಳವಾರ. ಅಷ್ಟರಾಗೆ ಮುಗೀಬೇಕು,” ಎನ್ನುತ್ತಾರೆ, ತಲೆ ಎತ್ತದೆ.

ಅಕ್ಷರದ ಈ ಕುಣಿತ ಅಲಂಕಾರಕ್ಕೆ ಹುಟ್ಟಿದ್ದಲ್ಲ, ಅವ್ವ ನಿಂಗಕ್ಕನಿಗಾಗಿ. ಕುರಿ ಕಾಯುತ್ತ ಬೆಳೆದ ನಿಂಗಕ್ಕ ನೂರು ಕುರಿಗಳ ಮುಖವನ್ನು ಬೇರೆಬೇರೆಯಾಗಿ ಗುರುತಿಸಬಲ್ಲರು. ಓದು ಮಾತ್ರ ಬಾರದು. ಮಗಳ ಮನೆ ಮೊಳಕಾಲ್ಮುರುವಿನಲ್ಲಿ. “ಬಸ್ಸು ಯಾವ್ದು ಅಂತ ಕೇಳಿದ್ರೆ ಹೇಳ್ತಾರಪ್ಪ, ಇಲ್ಲ ಅನ್ನಲ್ಲ. ಒಂದ್ ನಗು ನಕ್ಕು ಹೇಳ್ತಾರೆ,” ಎನ್ನುತ್ತಿದ್ದರು ಆಗ. ಆ ನಗು ಮಗನಿಗೆ ಚುಚ್ಚಿತು. ಬಸ್ಸಿನ ಬೋರ್ಡು ಬರೆಯುತ್ತಿದ್ದ ಅವರು ಅಕ್ಷರಗಳಲ್ಲೇ ಊರಿಗೊಂದು ಮುಖ ಕೊಟ್ಟರು. ಶೇಂಗಾ ಬೆಳೆಯುವ ಚಳ್ಳಕೆರೆಯ ‘ಚ’ಕ್ಕೆ ಶೇಂಗಾಕಾಯಿಯ ಸಣ್ಣ ನಡು, ಮೊಳಕಾಲ್ಮುರುವಿಗೆ ಸೆರಗು. ಮೂವತ್ತನಾಲ್ಕು ವರ್ಷ ನಿಂಗಕ್ಕ ಪ್ರತಿ ಮಂಗಳವಾರ ಸೆರಗಿನ ಬಸ್ಸು ಹತ್ತಿದರು, ಯಾರನ್ನೂ ಕೇಳದೆ.

ಹೋದ ವರ್ಷ ಬಸ್ಸುಗಳಿಗೆ ಸ್ಟಿಕ್ಕರ್ ಬಂತು. ಎಲ್ಲವೂ ಒಂದೇ ಅಚ್ಚು. ನಿಂಗಕ್ಕ ತಪ್ಪು ಬಸ್ಸು ಹತ್ತಿ, ರೊಟ್ಟಿಬುತ್ತಿಯ ಸಮೇತ ಪರಶುರಾಂಪುರದಲ್ಲಿ ಇಳಿದರು. ಅಲ್ಲಿಂದಾಚೆ ಮಂಗಳವಾರ ಬಂದರೆ ಮಂಡಿನೋವು ಎಂದು ಮನೆಯಲ್ಲೇ ಉಳಿದರು. ಮಂಡಿಗೆ ಏನೂ ಆಗಿರಲಿಲ್ಲ, ಅದು ಮಗನಿಗೂ ಗೊತ್ತಿತ್ತು.

ಸ್ಟಿಕ್ಕರ್ ಅಂಗಡಿ ನಡೆಸುವ ಸ್ವಪ್ನ ಈ ಸಂಗತಿ ಕೇಳಿ ಮನೆಗೇ ಬಂದರು. “ಅಣ್ಣಾ, ನಿಮ್ಮ ಕೆಲ್ಸ ಕಿತ್ಕೊಂಡೋಳು ನಾನೇ. ಅಕ್ಷರ ಬರ್ಕೊಡ್ರಿ, ಕಂಪ್ಯೂಟರ್‌ನಾಗೆ ಫಾಂಟ್ ಮಾಡ್ತೀನಿ. ಸ್ಟಿಕ್ಕರ್‌ನಾಗೂ ಅವೇ ಬರ್ತವೆ.” ಯತ್ತಪ್ಪ ಹದಿನೈದು ದಿನ ಕೂತು ಬರೆದರು. ಆದರೆ ಸ್ಕೇಲು ಹಿಡಿದು, ನೆಟ್ಟಗೆ! ಕಂಪ್ಯೂಟರಿಗೆ ಹೋಗುವವು, ಮರ್ಯಾದೆಯಿಂದ ನಿಂತಿರಲಿ ಎಂದು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಊರವರ ಮಾತು. ಇಲ್ಲಿ ಗಿಡಕ್ಕೇ ಆ ಅನುಮಾನ. ಅಚ್ಚಾದ ಹಾಳೆಯನ್ನು ನಿಂಗಕ್ಕ ತಿರುವಿ ತಿರುವಿ ನೋಡಿದರು. “ಇವು ಯಾರವು ಲೇ? ನಮ್ಮವಲ್ಲ.”

ಯತ್ತಪ್ಪನವರಿಗೆ ನಾಚಿಕೆಯಾಯಿತು. ಸ್ಕೇಲು ಮೂಲೆ ಸೇರಿತು. ಕಾಗದದ ಮೇಲೆ ಕೈ ಬಿಗಿಯುತ್ತದೆಂದು ಹಳೆಯ ತಗಡಿಗೇ ಮರಳಿದರು. ಅವರು ಬರೆದದ್ದನ್ನು ಸ್ವಪ್ನ ಫೋಟೊ ತೆಗೆದು ಫಾಂಟಿಗೆ ಇಳಿಸಿದರು. ಹೋದ ಮಂಗಳವಾರ ಆ ಅಕ್ಷರಗಳ ಮೊದಲ ಸ್ಟಿಕ್ಕರ್ ಬಸ್ಸಿನ ಹಣೆಗೇರಿತು.

ನಿಂಗಕ್ಕ ಸ್ಟ್ಯಾಂಡಿನಲ್ಲಿ ನಿಂತರು. ಮಗ ಟೀ ಅಂಗಡಿಯ ಮರೆಯಲ್ಲಿ ನಿಂತು ನೋಡುತ್ತಿದ್ದರು. ಎರಡು ಬಸ್ಸು ಬಂದವು, ಹೋದವು. ಮೂರನೆಯದನ್ನು ಅವ್ವ ಹತ್ತಿದರು, ಯಾರನ್ನೂ ಕೇಳದೆ. ಯತ್ತಪ್ಪನವರಿಗೆ ಅಳು ತಡೆಯಲಾಗಲಿಲ್ಲ.

“ಮರೆಯಾಗಿದ್ದೋನ್ನೂ ಕಂಡ್ಬಿಟ್ಲು ಕಣ್ರಿ. ಕಿಟಕಿಯಾಗಿಂದ್ಲೇ ಕೂಗಿದ್ಲು, ‘ಸೆರಗು ಯಾಕಲೇ ಗಿಡ್ಡ ಮಾಡಿದ್ದೀ?’ ಅಂತ,” ಎನ್ನುತ್ತ ಯತ್ತಪ್ಪ ಬ್ರಷ್ಷನ್ನು ಬಣ್ಣಕ್ಕೆ ಅದ್ದುತ್ತಾರೆ. ಹೊಸ ಸ್ಟಿಕ್ಕರ್‌ಗಾಗಿ ಸ್ವಪ್ನ ಫೋಟೊ ತೆಗೆಯಲಿರುವ ಬಾಲವನ್ನು ತಗಡಿನ ಅಂಚಿನವರೆಗೂ ಎಳೆಯುತ್ತಾರೆ. “ನಾಳೆ ಅವ್ವ ಏನೂ ಅನ್ಬಾರ್ದು. ಅಷ್ಟಾದ್ರೆ ಸಾಕು.”