ಅಂಟಕ್ಕ ಕಸಿದ ಐದು ಚೆಂಡು

ಬ್ಯಾಸ್ಕೆಟ್‌ಬಾಲ್ ಆಡಿ ಹೊಟ್ಟೆ ಹೊರೆಯುವ ಹೆಣ್ಣುಮಕ್ಕಳಲ್ಲಿ ಚೆಂಡನ್ನು ಬುಟ್ಟಿಗೆ ಹಾಕಿ ಹೆಸರು ಮಾಡುವವರು ಒಂದು ಥರ. ಎದುರಾಳಿಗೆ ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ನೋಡಿಕೊಳ್ಳುವವರು ಇನ್ನೊಂದು ಥರ. ಅಂಟಕ್ಕ ಈ ಎರಡನೆಯ ಪೈಕಿ. ಯಾರ ಬೆನ್ನಿಗೆ ಬಿಟ್ಟರೂ ಅಂಟಿಕೊಂಡೇ ಇರುತ್ತಾಳೆಂದು ತಂಡದ ಹುಡುಗಿಯರು ಇಟ್ಟ ಹೆಸರದು. ಅವಳಿಗೆ ವಯಸ್ಸು ಮೂವತ್ತಮೂರು, ಅವಳ ಬಲಮಂಡಿಗೆ ಐವತ್ತು ದಾಟಿದೆ.

ಎದುರು ತಂಡದ ಅತಿ ಚುರುಕಿನವಳ ಮುಂದೆ ಮಂಡಿ ಬಾಗಿಸಿ ನಿಲ್ಲುವುದು ಅವಳ ಕೆಲಸ. ಆಕೆಗೆ ಚೆಂಡು ಬರಬಾರದು, ಬಂದರೂ ಬೇಕಾದ ಕಡೆ ತಿರುಗಲು ಬಿಡಬಾರದು. ಚೆಂಡು ಎಷ್ಟೇ ಹತ್ತಿರ ಬಂದರೂ ಕೈ ಚಾಚಬಾರದು ಎಂಬುದು ಅಂಟಕ್ಕ ತನಗೆ ತಾನೇ ಹಾಕಿಕೊಂಡ ಕಟ್ಟು. ಕೈ ಚಾಚಿದರೆ ಕಾಲು ತಪ್ಪುತ್ತದೆ, ಕಾಲು ತಪ್ಪಿದರೆ ದಾರಿ ಬಿಟ್ಟಂತೆಯೇ. ಹೀಗೆ ನಲವತ್ತು ನಿಮಿಷ ಬೆವರು ಸುರಿಸಿದರೆ, ಆಗಬೇಕಿದ್ದ ಇಪ್ಪತ್ತು ಪಾಯಿಂಟು ಆಗದೇ ಉಳಿಯುತ್ತದೆ. ಆಗದೇ ಉಳಿದದ್ದನ್ನು ಬರೆಯಲು ಅಂಕಿಅಂಶದ ಹಾಳೆಯಲ್ಲಿ ಜಾಗವೇ ಇಲ್ಲ ನೋಡಿ.

ಕ್ಯಾಮೆರಾ ಹೋಗುವುದೂ ಚೆಂಡಿನ ಹಿಂದೆಯೇ. ಹಿರಿಯ ಮಗಳ ಮನೆಯಲ್ಲಿರುವ ಅಮ್ಮ ಪ್ರತಿ ಪಂದ್ಯವನ್ನೂ ಟೀವಿಯಲ್ಲಿ ನೋಡಿ ಫೋನ್ ಮಾಡುತ್ತಾಳೆ.

"ನಿನ್ನ ಬೆನ್ನು ಎರಡು ಸಲ ಕಾಣ್ತು ಕಣೇ. ತುಂಬಾ ಇಳಿದು ಹೋಗಿದೀಯ. ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದೀಯಾ?"

"ಮಾಡ್ತಿದೀನಮ್ಮ."

ಬಾಡಿಗೆ ಕೋಣೆಯಲ್ಲಿ ಇರುವುದು ಒಂದೇ ಕುರ್ಚಿ. ಮಂಡಿಗೆ ಐಸ್ ಚೀಲ ಕಟ್ಟಿಕೊಂಡು, ಆ ಕುರ್ಚಿಯಲ್ಲಿ ಕೂತು, ತಟ್ಟೆ ತೊಳೆಯುವ ಸೋಮಾರಿತನಕ್ಕೆ ಪಾತ್ರೆಯಿಂದಲೇ ಉಣ್ಣುತ್ತಾಳೆ. ಗೆದ್ದ ದಿನದ ಖುಷಿಯನ್ನು ಹೇಳಿಕೊಳ್ಳೋಣವೆಂದರೂ ಏನೆಂದು ಹೇಳುವುದು? 'ಇವತ್ತು ಅವಳನ್ನ ಎಡಕ್ಕೆ ತಿರುಗೋಕೇ ಬಿಡಲಿಲ್ಲ' ಎಂದರೆ ಯಾರಿಗೆ ಅರ್ಥವಾದೀತು? ಅವಳ ಒಂಟಿತನ ಇಂಥದ್ದು.

ಆ ವರ್ಷ ತಂಡಕ್ಕೆ ಹೊಸ ಮ್ಯಾನೇಜರ್ ಬಂದ. ಆಟಕ್ಕಿಂತ ಹಾಳೆಯನ್ನೇ ಹೆಚ್ಚು ನೋಡಿದವನು. ಕೊನೆಯ ಪಂದ್ಯಕ್ಕೆ ಎರಡು ದಿನ ಇರುವಾಗ ಅಂಟಕ್ಕನನ್ನು ಕರೆಸಿದ.

"ಮೇಡಂ, ನಿಮ್ಮ ಹೆಸರಿನ ಮುಂದೆ ಬರೀ ಸೊನ್ನೆ ಇದೆಯಲ್ಲ. ಮೇಲಿನವರಿಗೆ ನಾನು ಏನು ತೋರಿಸ್ಲಿ?"

"ನಾನು ತಡೀತೀನಿ ಸಾರ್."

"ತಡೆದಿದ್ದು ಎಲ್ಲಿ ಬರೆದಿದೆ ಹೇಳಿ."

ಅವನೇ ಹಾಳೆ ಮಡಚಿಟ್ಟ.

"ಕೊನೇ ಪಂದ್ಯ ನೋಡ್ತೀನಿ. ನಿಮ್ಮನ್ನ ಇಟ್ಕೊಳ್ಳೋದೋ ಬಿಡೋದೋ ಆಮೇಲೆ ಹೇಳ್ತೀನಿ."

ಅವಳಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಕಲಿಯುವ ವಯಸ್ಸೂ ಅಲ್ಲ ಎಂದು ಅವಳೇ ತೀರ್ಮಾನಿಸಿಕೊಂಡಿದ್ದಳು.

ಕೊನೆಯ ಪಂದ್ಯದಲ್ಲಿ ಅವಳ ಪಾಲಿಗೆ ಬಂದವಳು ಎದುರು ತಂಡದ ಮಿಂಚು. ಒಂಬತ್ತು ವರ್ಷದಿಂದ ಅಂಟಕ್ಕ ತಡೆದದ್ದು ಹೆಚ್ಚಾಗಿ ಇವಳನ್ನೇ. ಹಾರುವ ಮೊದಲು ಮಿಂಚು ಉಸಿರು ಬಿಗಿಹಿಡಿಯುತ್ತಾಳೆ, ದಣಿದರೆ ಎಡಗಾಲಿನ ಕಾಲುಚೀಲ ಎಳೆದುಕೊಳ್ಳುತ್ತಾಳೆ. ಇದೆಲ್ಲ ಅವಳ ಗಂಡನಿಗೆ ಗೊತ್ತಿತ್ತೋ ಇಲ್ಲವೋ, ಅಂಟಕ್ಕನಿಗೆ ಗೊತ್ತಿತ್ತು. ಮೊಣಕೈ ತಾಗಿಸಿಕೊಂಡದ್ದು ಬಿಟ್ಟರೆ ಇಬ್ಬರೂ ಒಂದು ಮಾತೂ ಆಡಿದವರಲ್ಲ.

ಕಸಿದ ಚೆಂಡಿಗಾದರೆ ಹಾಳೆಯಲ್ಲಿ ಜಾಗವಿದೆ. ಅಂದು ಅಂಟಕ್ಕ ಕೈ ಚಾಚಿದಳು. ಚೆಂಡು ಸಿಕ್ಕಿತು. ಮೈಕಿನಲ್ಲಿ ಅವಳ ಹೆಸರು ಕೂಗಿದರು, ಜನ ಚಪ್ಪಾಳೆ ತಟ್ಟಿದರು. ಅದರ ರುಚಿ ಹತ್ತಿತು. ಆಮೇಲೆ ಚಾಚಿದ ಕೈಗೆ ಮೂರು ಸಲ ಗಾಳಿ ಸಿಕ್ಕರೆ ಒಂದು ಸಲ ಚೆಂಡು ಸಿಗುತ್ತಿತ್ತು. ಗಾಳಿ ಸಿಕ್ಕಾಗಲೆಲ್ಲ ಮಿಂಚು ಪಕ್ಕದಿಂದ ನುಸುಳಿ ಹೋದಳು. ಹಿಂದೆ ಬುಟ್ಟಿಯ ಕೆಳಗೆ ಇದ್ದದ್ದು ಕೊಕ್ಕರೆ, ತಂಡದ ಅತಿ ಎತ್ತರದ, ಅತಿ ಚಿಕ್ಕ ವಯಸ್ಸಿನ ಹುಡುಗಿ. ಒಬ್ಬಳೇ ಎಷ್ಟು ಕಡೆ ಓಡಿಯಾಳು?

ಅಂಟಕ್ಕ ಕಸಿದದ್ದು ಐದು ಚೆಂಡು, ಮಿಂಚು ಹಾಕಿದ್ದು ಮೂವತ್ತನಾಲ್ಕು ಪಾಯಿಂಟು. ತಂಡ ಮೂರು ಪಾಯಿಂಟಿನಿಂದ ಸೋತಿತು.

ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ಮ್ಯಾನೇಜರ್ ಹಾಳೆ ಹಿಡಿದು ನಿಂತಿದ್ದ.

"ಬುಟ್ಟಿ ಕೆಳಗೆ ನಿದ್ದೆ ಮಾಡ್ತಿದ್ಯೇನಮ್ಮಾ?" ಎಂದು ಮೊದಲು ಕೊಕ್ಕರೆಯನ್ನು ಹಿಡಿದುಕೊಂಡ. "ಇವರನ್ನ ನೋಡಿ ಕಲಿ. ಐದು ಚೆಂಡು ಕಸಿದಿದಾರೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಇದೇ. ಕೊಕ್ಕರೆ ತಲೆ ಎತ್ತದೆ ಶೂ ದಾರ ಬಿಚ್ಚುತ್ತಿದ್ದಳು. 'ತಪ್ಪು ನನ್ನದು ಸಾರ್' ಎನ್ನಲು ಅಂಟಕ್ಕನಿಗೆ ಒಂದು ಉಸಿರು ಸಾಕಿತ್ತು. ನಾಚಿಕೆಯೇನೋ ಆಯಿತು, ಆದರೂ ಅವಳು ಟವೆಲಿನಿಂದ ಮುಖ ಒರೆಸಿಕೊಂಡಳು. ಮ್ಯಾನೇಜರ್ ಮುಂದಿನ ವರ್ಷದ ಕರಾರು ಕಾಗದ ಚಾಚಿದ. ಗೋಡೆಗೆ ಒತ್ತಿ ಹಿಡಿದು, ನಿಂತೇ ಸಹಿ ಹಾಕಿದಳು.

ಚೀಲ ಹೊತ್ತು ಹೊರಗೆ ಬಂದರೆ ಓಣಿಯ ಕೊನೆಯಲ್ಲಿ ಮಿಂಚು ಕಾಯುತ್ತಿದ್ದಳು. ಗೆದ್ದವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ನಿಮ್ಮ ಜೊತೆ ಆಟ ಇದೆ ಅಂದ್ರೆ ನಂಗೆ ಹಿಂದಿನ ದಿನವೇ ಊಟ ಸೇರ್ತಿರ್ಲಿಲ್ಲ," ಎಂದಳು. "ಇವತ್ತು ಏನಾಯ್ತು? ಮೈ ಹುಷಾರಿಲ್ವಾ?"

ಆ ಸಂಜೆ ಅಂಟಕ್ಕ ಕೆಟ್ಟದಾಗಿ ಆಡಿದ್ದು ಇಡೀ ಕ್ರೀಡಾಂಗಣದಲ್ಲಿ ಗೊತ್ತಾದದ್ದು ಈ ಒಬ್ಬಳಿಗೆ. ಅಂಟಕ್ಕನಿಗೆ ಅಲ್ಲೇ ಕುಸಿದು ಕೂತು ಎಲ್ಲ ಹೇಳಿಬಿಡಬೇಕು ಅನ್ನಿಸಿತು.

"ಸ್ವಲ್ಪ ತಲೆನೋವು," ಎಂದಳು.

ಒಂಬತ್ತು ವರ್ಷದಲ್ಲಿ ಅವಳು ಮಿಂಚುವಿನ ಜೊತೆ ಆಡಿದ ಮೊದಲ ಮಾತು ಅದು, ಅದೂ ಸುಳ್ಳು.