ಬೇಗಂ ಬಜಾರಿನವರು ಹಲ್ಲು ಪರೀಕ್ಷಿಸಿದ್ದು

ಗೆಳೆಯರೇ, ಇವತ್ತು ಹೈದರಾಬಾದಿನ ಕಾಚಿಗೂಡದಲ್ಲಿ ಹಿರಿಯರೊಬ್ಬರು ನನ್ನ ಬಾಯಿಗೇ ಕೈ ಹಾಕಿದರು. ಜಗಳಕ್ಕಲ್ಲ, ಮಾಲು ನೋಡಲಿಕ್ಕೆ.

ಹನ್ನೆರಡು ವರ್ಷದ ಹಿಂದೆ ಸನತ್‌ನಗರದಲ್ಲಿ ಸ್ಕೂಟರಿನಿಂದ ಬಿದ್ದು ನನ್ನ ಮುಂದಿನ ಹಲ್ಲೊಂದು ಹೋಗಿ, ಅಲ್ಲಿ ದವಡೆಗೇ ತಿರುಪು ಹಾಕಿ ಕೂರಿಸಿದ ಇಂಪ್ಲಾಂಟ್ ಹಲ್ಲು ಇದೆ. ಊರಲ್ಲಿ ಮೇಲಿಂದ ಮೇಲೆ ನಡೆಯುವ ಬಂದ್‌ಗಳ ನಡುವೆ ಬಿಡುವಿನ ದಿನವೊಂದು ಸಿಕ್ಕಿತೆಂದು, ಅದನ್ನು ಹಾಕಿದ ಡಾಕ್ಟರ ಹತ್ತಿರವೇ ತಪಾಸಣೆಗೆ ಹೋದೆ. ನಮ್ಮ ರಾಯಚೂರು ಕಡೆಯವರಾದ ಅವರಿಗೆ ನನ್ನನ್ನು ಕಂಡು ಎಲ್ಲಿಲ್ಲದ ಖುಷಿ. ಮುಂದಿನ ಹಲ್ಲು ಮುರಿದುಕೊಂಡು ಹೊರಗೆ ಕೂತಿದ್ದ ಬೇಗಂ ಬಜಾರಿನ ಬೇಳೆ ವ್ಯಾಪಾರಿ ಶಿವಣ್ಣನವರನ್ನು ಒಳಗೆ ಕರೆದರು.

"ಇಂಪ್ಲಾಂಟ್ ಬಾಳಿಕಿ ಬರ್ತೈತೇನು ಅಂತ ಕೇಳಿದ್ರಲ್ಲ, ಇವರದು ನೋಡ್ರಿ. ಹನ್ನೆರಡು ವರ್ಷ ಆತು, ಕಲ್ಲಿನಂಗ ಐತಿ."

"ಹಿಡದು ನೋಡದ ನಾ ಯಾವ ಮಾಲೂ ತಗೊಳ್ಳಂಗಿಲ್ರಿ" ಎಂದರು ಶಿವಣ್ಣ.

ನಾನು ಬೇಡ ಅನ್ನುವಷ್ಟರಲ್ಲಿ ಡಾಕ್ಟರು ಅವರಿಗೆ ಕೈಗವಸು ಕೊಟ್ಟೇಬಿಟ್ಟರು! ಶಿವಣ್ಣ ಇಂಪ್ಲಾಂಟ್ ಹಿಡಿದು ಜಗ್ಗಿದರು. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಡಾಕ್ಟರು ಮೀಸೆ ತಿರುವಿದರು.

"ಒಂದ ಚೀಲ ನೋಡಿ ನಂಬಂಗಿಲ್ರಿ" ಎಂದು ಶಿವಣ್ಣ ಪಕ್ಕದ ಹಲ್ಲಿಗೂ ಕೈ ಹಾಕಿದರು. ಅದು ಅಲುಗಾಡಿತು.

"ಡಾಕ್ಟರ, ಇದು ಡೂಪ್ಲಿಕೇಟ್ ಐತ್ರಿ!"

"ರೀ, ಅದು ನನ್ನ ಸ್ವಂತ ಹಲ್ಲು!" ಎಂದು ಕೂಗಿದೆ.

ಡಾಕ್ಟರು ಇಣುಕಿ ನೋಡಿ ಒಸಡು ಹಾಳಾಗಿದೆ, ಅದು ಉಳಿಯುವುದು ಕಷ್ಟ ಎಂದರು. ನನ್ನ ಮುಖ ನೋಡಿ ಶಿವಣ್ಣನವರಿಗೇ ಕನಿಕರ ಬಂತು.

"ಚಿಂತಿ ಮಾಡಬ್ಯಾಡ್ರಿ, ಇಲ್ಲೇ ಹಾಕಿಸ್ಕೊಳ್ರಿ. ಮಾಲು ಭಾಳ ಚೊಲೊ ಐತಿ, ಈಗಷ್ಟ ನಾನ ಜಗ್ಗಿ ನೋಡೀನಿ."

ನನ್ನ ಹಲ್ಲನ್ನು ನನಗೇ ಶಿಫಾರಸು ಮಾಡಿ ಹೋದರು ಪುಣ್ಯಾತ್ಮರು.