ಕೊಟ್ಟ ರಕ್ತ ತೀರುವ ತನಕ

ಮೊದಲು ಸೋತದ್ದು ಗಿರಿಜಾಳ ಉಸಿರು. ಎಲೆ ತೋಟದಿಂದ ನಮ್ಮ ಮನೆ ಎಷ್ಟು ದೂರ? ಕೂಗಿದರೆ ಕೇಳುವಷ್ಟು. ಅಷ್ಟರಲ್ಲೇ ನನ್ನ ಹೆಂಡತಿ ಬುಟ್ಟಿ ಇಳಿಸಿ ಬದುವಿನ ಮೇಲೆ ಕೂತುಬಿಡುತ್ತಿದ್ದಳು.

"ಎದಿ ಡವಗುಟ್ಟಾಕತ್ತೈತ್ರಿ" ಎನ್ನುತ್ತಿದ್ದಳು. ಬಿಸಿಲಿಗೆ ಹಾಗಾಗುತ್ತದೆ ಎಂದೆ. ಅವಳ ಮೈ ಬಿಳಿಚಿದ್ದು ನಮಗೆ ಗೊತ್ತೇ ಆಗಲಿಲ್ಲ. ಸವಣೂರಿನ ಸುತ್ತ ಎಲೆಬಳ್ಳಿ ಬೆಳೆಯುವ ನಮ್ಮಂಥವರ ಬಾಯಿ ಎಲೆಅಡಿಕೆ ಜಗಿದು ದಿನವಿಡೀ ಕೆಂಪಗೇ ಇರುತ್ತದೆ. ತುಟಿ ನೋಡಿ ರೋಗ ಹಿಡಿಯುವವರು ಯಾರು? ಕೊನೆಗೆ ಸವಣೂರಿನ ಡಾಕ್ಟರು ಬಾಯಿ ಮುಕ್ಕಳಿಸಿ ಬಾ ಎಂದರು. ಮುಕ್ಕಳಿಸಿ ಬಂದಳು.

ತುಟಿ ಸುಣ್ಣದ ಹಾಗಿತ್ತು.

ಟಾನಿಕ್ ಬರೆದುಕೊಟ್ಟರು. ಅವ್ವ ಖರ್ಜೂರ, ಶೇಂಗಾ, ಬೆಲ್ಲ ಎಂದು ಹೊತ್ತುಹೊತ್ತಿಗೆ ತಿನ್ನಿಸಿದಳು. ತಿಂದದ್ದೆಲ್ಲ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಗೋಡೆ ಹಿಡಿದು ನಡೆಯುವ ಸ್ಥಿತಿಗೆ ಬಂದಾಗ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಸೇರಿಸಿದೆ. ಅಲ್ಲಿ ಎದೆಯ ಎಲುಬಿಗೆ ಸೂಜಿ ಹಾಕಿ ಬೋನ್ ಮ್ಯಾರೋ, ಅಂದರೆ ಒಳಗಿನ ಮಜ್ಜೆ, ತೆಗೆದರು. ಅವಳು ಚೀರಲಿಲ್ಲ. ಚೀರಲಿಕ್ಕೂ ತ್ರಾಣ ಬೇಕಲ್ಲ.

"ನೋಡಪಾ," ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು, "ರಕ್ತ ಹುಟ್ಟೂದು ಎಲುಬಿನೊಳಗ. ಈಕೀದು ಬಿಳಿ ಕಣ ಎಲ್ಲಾ ಬರೋಬ್ಬರಿ ಅದಾವು. ಕೆಂಪು ಕಣ ಹುಟ್ಟೂದಷ್ಟ ನಿಂತೈತಿ. ಭಾಳ ಅಪರೂಪದ ಅನೀಮಿಯಾ ಇದು."

"ಯಾಕ್ರಿ ಹಿಂಗಾತು?"

"ಗೊತ್ತಿಲ್ಲ."

ಗೊತ್ತಿಲ್ಲ ಎಂದ ಡಾಕ್ಟರನ್ನು ನಾನು ನೋಡಿದ್ದು ಅದೇ ಮೊದಲು. ಅಲ್ಲಿಂದ ಅವರನ್ನು ನಂಬಿದೆ. ಪ್ರೆಡ್ನಿಸೋಲೋನ್ ಎಂಬ ಮಾತ್ರೆ ಶುರುಮಾಡಿದರು. ಗುಣ ಕಂಡರೆ ಕಾಣಬಹುದು, ಅಲ್ಲಿಯವರೆಗೆ ರಕ್ತ ಹಾಕುತ್ತಲೇ ಇರಬೇಕು ಎಂದರು. ತವರೂರು ಹತ್ತಿಮತ್ತೂರಿನಿಂದ ಅವಳ ಅಣ್ಣಂದಿರು ಬಂದರು. ಗ್ರೂಪ್ ಹೊಂದಲಿಲ್ಲ. ನನ್ನದು ಹೊಂದಿತು. ನನ್ನ ರಕ್ತ ಬಾಟ್ಲಿಯಲ್ಲಿ ತುಂಬುವುದನ್ನು ನೋಡುತ್ತ ಮಲಗಿದ್ದಾಗ ಖುಷಿಯಾಗಿತ್ತು. ಸುಳ್ಳೇಕೆ ಹೇಳಲಿ, ಸ್ವಲ್ಪ ಸೊಕ್ಕೂ ಬಂದಿತ್ತು.

ಮನೆಗೆ ಬಂದು ಹೇಳಿದಾಗ ಅವ್ವ ಹಣೆ ಹಣೆ ಬಡಿದುಕೊಂಡಳು.

"ಅಯ್ಯ ನನ ಶಿವನ! ಎಂಥಾ ಕೆಲಸ ಮಾಡಿದ್ಯೋ! ಇಬ್ಬರ ಮೈಯಾಗ ಒಂದ ರಕ್ತ ಆತಂದ್ರ ಒಡಹುಟ್ಟಿದವರಾದಂಗ ಅಲ್ಲೇನು? ಆಕಿ ಇನ್ನ ನಿನಗ ತಂಗಿ ಆದಂಗ."

"ಮತ್ತ ಸಾಯಾಕ ಬಿಡಬೇಕಿತ್ತೇನು?"

"ಹಂಗ ಯಾರಂದ್ರು? ಮಂದೀದು ಹಾಕಸಬೇಕಿತ್ತು. ಆಕಿಗೆ ಅಣ್ಣತಮ್ಮರು ಹೆಚ್ಚಾಗತಿದ್ರು, ಆಗಲಿ. ತಾಳಿ ಕಟ್ಟಿದವ ಕೊಡತಾನೇನು?"

ನಾನು ನಕ್ಕೆ. ಗಿರಿಜಾ ನಗಲಿಲ್ಲ. ಅಂದಿನಿಂದ ಅವಳ ಹಾಸಿಗೆ ಅವ್ವನ ಮಗ್ಗುಲಿಗೆ ಹೋಯಿತು.

ದವಾಖಾನೆಯವರು ಒಮ್ಮೊಮ್ಮೆ ಬೇರೆಯವರ ರಕ್ತ ಹೊಂದಿಸುತ್ತಿದ್ದರು, ಹೊಂದದಿದ್ದಾಗ ನನ್ನದೇ. ಯಲವಿಗಿ ಸ್ಟೇಶನ್ನಿನ ತನಕ ಚಕ್ಕಡಿ, ಅಲ್ಲಿಂದ ರೈಲು, ಹುಬ್ಬಳ್ಳಿಯಲ್ಲಿ ಬೆಂಚು. ರಕ್ತ ಹಾಕಿಸಿಕೊಂಡು ಬಂದ ಮೇಲೆ ಕೆಲವು ದಿನ ಗೆಲುವಾಗಿರುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು. ಆಮೇಲೆ ಮತ್ತೆ ಅದೇ ಗೋಡೆ, ಅದೇ ಉಸಿರು. ತೋಟ ಹಾಳು ಬಿತ್ತು. ನಾನು ಊಟಕ್ಕೆ ಕೂತಲ್ಲೇ ತೂಕಡಿಸತೊಡಗಿದೆ. ಅಷ್ಟರಲ್ಲಿ ಅಣ್ಣತಮ್ಮಂದಿರು ಅಕ್ಕತಂಗಿಯರಿಗೆ ಸೀರೆ ಕೊಡುವ ನಾಗರ ಪಂಚಮಿ ಬಂತು. ಕಟ್ಟೆಯ ಮೇಲೆ ಕೂತವನೊಬ್ಬ ಕೇಳಿದ: "ಏನಪಾ, ತಂಗಿಗೆ ಸೀರಿ ತಂದ್ಯೋ ಇಲ್ಲೋ?" ಹೊಡೆಯುವಷ್ಟು ಸಿಟ್ಟು ಬಂತು. ಕೈ ಎತ್ತುವಷ್ಟು ಶಕ್ತಿ ಇರಲಿಲ್ಲ. ಸುಮ್ಮನೆ ಎದ್ದು ಬಂದೆ.

ಮುಂದಿನ ಸಲ ನಾಚಿಕೆ ಬಿಟ್ಟು, ರಕ್ತ ಕೊಟ್ಟರೆ ಹೆಂಡತಿ ತಂಗಿಯಾಗುತ್ತಾಳೇನು ಎಂದು ಡಾಕ್ಟರನ್ನೇ ಕೇಳಿದೆ. ಅವರು ನಗಲಿಲ್ಲ, ಅದು ಅವರ ದೊಡ್ಡತನ.

"ಹಾಕಿದ ರಕ್ತ ಅಲ್ಲೇ ಉಳಿಯೂದಿಲ್ಲಪಾ. ಕೆಂಪು ಕಣಕ್ಕ ಮೂರು ನಾಕು ತಿಂಗಳ ಆಯುಷ್ಯ. ಆಮ್ಯಾಲೆ ಎಲ್ಲಾ ಸಾಯತಾವು. ಆಕೀ ಮೈಯಾಗ ಆಕೀದ ಹೊಸಾವು ಹುಟ್ಟಬೇಕು, ಅದಕ್ಕ ಈ ಮಾತ್ರೆ."

ಓಡಿಹೋಗಿ ಗಿರಿಜಾಳಿಗೆ ಹೇಳಿದೆ. ಅವಳು ಬೆರಳು ಮಡಚಿ ತಿಂಗಳು ಎಣಿಸಿದಳು. "ಹಂಗಾರ ನೀವು ಪ್ರತಿ ಸಲ ಕೊಟ್ಟಾಗೂ ನಾಕ್ ತಿಂಗಳ ಮತ್ತ ಮೊದಲಿಂದ ಎಣಸಬೇಕಲ್ರಿ" ಎಂದಳು. ಅಷ್ಟು ಮುಂದಿನದು ನನಗೆ ಹೊಳೆದಿರಲಿಲ್ಲ.

ದೀಪಾವಳಿ ಹೊತ್ತಿಗೆ ಹಿಮೋಗ್ಲೋಬಿನ್ ತೀರ ಕೆಳಗಿಳಿಯಿತು. ಅವಳ ಗ್ರೂಪಿನ ರಕ್ತ ದವಾಖಾನೆಯಲ್ಲಿ ಇರಲಿಲ್ಲ. ನಾನು ಹಿಂದೆ ಕೊಟ್ಟು ಸಾಕಷ್ಟು ದಿನವಾಗಿತ್ತು, ಮತ್ತೆ ಕೊಡಬಹುದಿತ್ತು. ತೋಳು ಚಾಚಿ ಮಲಗಲು ಹೊರಟವನನ್ನು ಗಿರಿಜಾ ಕರೆದಳು.

"ನಿಮ್ಮದು ಬ್ಯಾಡ್ರಿ. ಹಾಕಿಸಿಕೊಳ್ಳೂದಿಲ್ಲ ನಾ. ಸತ್ರ ನಿಮ್ಮ ಹೆಂಡತಿಯಾಗೇ ಸಾಯತೇನಿ."

ನಾನು ಬೈದೆ. ನಮ್ಮವ್ವಗ ಬುದ್ಧಿ ಇಲ್ಲ, ನಿನಗೂ ಇಲ್ಲೇನು ಎಂದು ಕೂಗಾಡಿದೆ. ಅವಳು ಮುಖ ಆಚೆ ತಿರುಗಿಸಿ ಮಲಗಿದ್ದಳು. ಆಗ ನಾನು ಅತ್ತೆ. ವಾರ್ಡಿನ ಮಂದಿಯೆಲ್ಲ ನೋಡುತ್ತಿದ್ದರು, ನೋಡಲಿ ಎಂದು ಅತ್ತೆ.

"ಹೆಂಡತಿಯಾಗೂದು ಬ್ಯಾಡ ಬಿಡ. ತಂಗಿಯಾಗ್ಯಾದ್ರೂ ಬದುಕ, ಗಿರಿಜಾ."

ಅವಳು ಸೆರಗಿನೊಳಗಿಂದ ಕೈ ಹೊರಗೆ ಚಾಚಿದಳು. ನಾನು ಹೋಗಿ ರಕ್ತ ಕೊಟ್ಟು ಬಂದೆ, ನರ್ಸಮ್ಮ ಆ ಕೈಗೆ ಸೂಜಿ ಚುಚ್ಚಿದರು.

ಆ ಮೇಲಿನ ದಿನಗಳು ಮಾತ್ರೆಯವು. ಗಿರಿಜಾಳ ಮುಖ ಕಡುಬಿನಂತೆ ಉಬ್ಬಿತು. ಹಸಿವು ಕೆಟ್ಟದಾಗಿ ಹೆಚ್ಚಿತು, ನಿದ್ದೆ ಹಾರಿಹೋಯಿತು. ಓಣಿಯ ಹೆಂಗಸರು "ಮೈ ಹಿಡದಾಳ ನೋಡ್ರಿ" ಎಂದು ದೃಷ್ಟಿ ತೆಗೆದು ಹೋದರು. ಒಳಗೆ ಏನಾಗುತ್ತಿದೆಯೋ ನಮಗೆ ತಿಳಿಯದು. ಆಸೆ ಪಡುವುದಕ್ಕೂ ಬೇಸರ ಬಂದಿತ್ತು. ಹಾಗಿರುವಾಗ ಒಂದು ದಿನ ಡಾಕ್ಟರು ಸೂಕ್ಷ್ಮದರ್ಶಕದಿಂದ ತಲೆ ಎತ್ತಿ, "ಹೊಸ ಕಣ ಬರಾಕತ್ತಾವು. ಈ ಸಲ ರಕ್ತ ಬ್ಯಾಡ" ಎಂದರು. ಅದರ ಮುಂದಿನ ಸಲವೂ ಬೇಡ ಎಂದರು. ಬೇಡ ಎನ್ನುವ ಆ ಒಂದು ಮಾತು ಕೇಳಲು ನಾವು ಹುಬ್ಬಳ್ಳಿಗೆ ಹೋಗುತ್ತಿದ್ದೆವು.

ಮೊನ್ನೆ ಹೋದಾಗ ಗಿರಿಜಾ ನನ್ನನ್ನು ಹೊರಗೆ ನಿಲ್ಲಿಸಿ ತಾನೊಬ್ಬಳೇ ಡಾಕ್ಟರ ಹತ್ತಿರ ಏನೋ ಕೇಳಿ ಬಂದಳು. ಬೆಂಚಿನ ಮೇಲೆ ನನ್ನ ಪಕ್ಕ ಕೂತಳು. ಸ್ವಲ್ಪ ಹತ್ತಿರವೇ ಕೂತಳು.

"ನಿಮ್ಮದು ಒಂದ ಹನೀನೂ ಉಳಿದಿಲ್ಲಂತ್ರಿ. ಈಗಿರೂದೆಲ್ಲಾ ನಂದ."

ಕೊಟ್ಟದ್ದೆಲ್ಲ ಹೋಯಿತು ಎಂದು ಇಷ್ಟು ಸಂತೋಷಪಟ್ಟವನು ಊರಲ್ಲಿ ನಾನೊಬ್ಬನೇ ಇರಬೇಕು.

ಮನೆಯಲ್ಲಿ ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಗಿರಿಜಾಳ ಹಾಸಿಗೆಯ ಸುರುಳಿಯನ್ನು ತಾನೇ ತಂದು ನಮ್ಮ ಕೋಣೆಯಲ್ಲಿಟ್ಟಳು. ಮಾತ್ರೆ ಇನ್ನೂ ನಿಂತಿಲ್ಲ. ರೋಗ ತಿರುಗಿ ಬರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿಲ್ಲ, ನಾವೂ ಒತ್ತಾಯಿಸಿ ಕೇಳಿಲ್ಲ. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ.

"ಮತ್ತ ರಕ್ತ ಬೇಕಾತಂದ್ರ?" ಎಂದೆ.

ಗಿರಿಜಾ ದಿಂಬು ಸರಿಮಾಡುತ್ತ, "ಕೊಡ್ರಿ. ನಾಕ್ ತಿಂಗಳ ತಂಗಿಯಾಗಿ ಇರತೇನಿ, ಏನಾತೀಗ" ಎಂದಳು.